ಬಿಸಿಲಿಗಿಟ್ಟ ಅಣಬೆ

ನನಗೆ ವಿಟಮಿನ್ ಡಿ ಸಾಲದೆಂದೂ ದಿನವೂ ಬಿಸಿಲಿನಲ್ಲಿ ಕೂರಬೇಕೆಂದೂ ವಿಜಯನಗರದ ಡಾಕ್ಟರು ಅಪ್ಪಣೆ ಕೊಡಿಸಿದರು. ನನಗೋ ಬಿಸಿಲೆಂದರೆ ಹುಟ್ಟಾ ವೈರ. ಅಂಗಡಿಯ ಅಣಬೆಯನ್ನು ಹೆಚ್ಚಿ ಬಿಸಿಲಿಗಿಟ್ಟರೆ ಅದರಲ್ಲೇ ಆ ವಿಟಮಿನ್ ಹುಟ್ಟುತ್ತದೆಂದು ಎಲ್ಲೋ ಓದಿದ್ದೆ. ನನ್ನ ಪರವಾಗಿ ಅಣಬೆಯೇ ಬಿಸಿಲಲ್ಲಿ ಕೂರಲಿ, ನಾನು ಅದನ್ನು ತಿಂದು ಕೃತಾರ್ಥನಾಗುತ್ತೇನೆ ಎಂದು ತೀರ್ಮಾನಿಸಿದೆ. ಚಂದ್ರಾ ಲೇಔಟಿನ ಅಂಗಡಿಯಿಂದ ಒಂದು ಡಬ್ಬಿ ತಂದು, ಹೆಚ್ಚಿ, ತಾರಸಿಯಲ್ಲಿ ಹೆಂಡತಿ ಸಂಡಿಗೆ ಇಟ್ಟಿದ್ದ ಹಳೆಯ ಪಂಚೆಯ ಮೂಲೆಯಲ್ಲಿ ಹರವಿದೆ.

ಅವಳು ಮೇಲೆ ಬಂದಳು. "ಏನ್ರೀ ಇದು, ನನ್ ಸಂಡಿಗೆ ಪಕ್ಕ?"

"ವಿಟಮಿನ್ ಡಿ ಕಣೇ. ತಯಾರಾಗ್ತಾ ಇದೆ."

"ಡಾಕ್ಟ್ರು ಬಿಸಿಲಲ್ಲಿ ಕೂತ್ಕೊಳ್ಳೋಕೆ ಹೇಳಿದ್ದು ನಿಮಗಾ, ಮಶ್ರೂಮ್‌ಗಾ?"

ಅಷ್ಟರಲ್ಲಿ ಕಾಗೆಯೊಂದು ಇಳಿದು ಅಣಬೆಯ ಚೂರೊಂದನ್ನು ಕಚ್ಚಿಕೊಂಡು ಹಾರಿತು. ಅವಳು ಕೋಲನ್ನು ನನ್ನ ಕೈಗಿಟ್ಟಳು.

"ಕಾಗೆ ಕರೆಸ್ದೋರೇ ಓಡಿಸ್ಬೇಕು. ಸಂಡಿಗೆಗೇನಾದ್ರೂ ಬಾಯಿ ಹಾಕಿದ್ರೆ ಸಾಯಂಕಾಲ ಕಾಫಿ ಇಲ್ಲ, ಅಷ್ಟೇ."

ಆ ಬೇಸಿಗೆಯುದ್ದಕ್ಕೂ ಅಣಬೆಗೆ ಅಂಗರಕ್ಷಕನಾಗಿ, ತಲೆಗೊಂದು ಟವೆಲ್ಲು ಸುತ್ತಿ ತಾರಸಿಯಲ್ಲಿ ಕೂತೆ. ಮುಂದಿನ ರಕ್ತಪರೀಕ್ಷೆಯಲ್ಲಿ ವಿಟಮಿನ್ ಏರಿತ್ತು. ಡಾಕ್ಟರು ಬಿಸಿಲನ್ನು ಹೊಗಳಿದರು. ನಾನು ಮಾತ್ರ ಅದು ಅಪ್ಪಟ ಅಣಬೆಯ ಮಹಿಮೆಯೆಂದು ಇಂದಿಗೂ ಸಾಧಿಸುತ್ತಿದ್ದೇನೆ.