ಅಂಗಿ ಕೊಡವುವ ಕೆಲಸ

ಅಪ್ಪ ಸಿಮೆಂಟ್ ಶೀಟು ಹೊದಿಸುವ ಕೆಲಸದವನು. ಹೊನ್ನಾಳಿಯ ದನದ ಕೊಟ್ಟಿಗೆಗಳು, ಚನ್ನಗಿರಿಯ ಗೋದಾಮುಗಳು, ಜಗಳೂರು ಕಡೆಯ ಕೋಳಿ ಫಾರಂಗಳು, ಎಲ್ಲದರ ಮೇಲೂ ಅವನ ಕೈ ಇದೆ. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಸೂರು ತೋರಿಸಿ, ಅದು ನಂದು, ಇದು ನಂದು ಎನ್ನುತ್ತಿದ್ದ. ನ್ಯಾಮತಿಯ ನಮ್ಮ ಮನೆಗೆ ಮಾತ್ರ ಹಳೇ ಹಂಚು, ಅದೂ ಸೋರುತ್ತಿತ್ತು.

ಶೀಟನ್ನು ಒಣಗಿದ್ದಂತೆಯೇ ಕೊಯ್ಯುತ್ತಿದ್ದ. ಮೊದಲು ಗರಗಸ, ಆಮೇಲೆ ಕರೆಂಟಿನ ಕಟರ್. ನೀರು ಹಾಕಿಕೊಂಡು ಕೊಯ್ದರೆ ಧೂಳು ಕಡಿಮೆ ಎಂದು ಅವನಿಗೆ ಗೊತ್ತಿತ್ತು. ಆದರೆ ನೀರು ಬಿದ್ದರೆ ಸೀಮೆಸುಣ್ಣದ ಗೆರೆ ಅಳಿಸುತ್ತದೆ, ಗೆರೆ ತಪ್ಪಿದರೆ ಶೀಟು ಹಾಳು. ಅಪ್ಪನಿಗೆ ಮೂಗಿಗಿಂತ ಗೆರೆ ಮುಖ್ಯ.

ಆ ಧೂಳನ್ನು ಅವ್ವ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಸಂಜೆ ಅಪ್ಪ ಬಾಗಿಲಲ್ಲೇ ಅಂಗಿ ಬಿಚ್ಚಿ ನನ್ನ ಕೈಗೆ ಕೊಡಬೇಕು, ನಾನು ಕಟ್ಟೆಯ ಮೇಲೆ ನಿಂತು ಅದನ್ನು ಫಟಫಟನೆ ಕೊಡವಿ ಬಕೆಟ್ಟಿಗೆ ಹಾಕಬೇಕು. ಐದನೇ ಕ್ಲಾಸಿನಿಂದ ಮದುವೆಯಾಗಿ ಚನ್ನಗಿರಿಗೆ ಹೋಗುವವರೆಗೂ ನನ್ನ ಪಾಲಿಗೆ ಬಂದ ಕೆಲಸ ಅದು. ಕಷ್ಟವೇನೂ ಇರಲಿಲ್ಲ. ಓದಲು ಕೂರುವುದಕ್ಕಿಂತ ಎಷ್ಟೋ ವಾಸಿ.

ಅಪ್ಪ ಕೆಲಸ ಬಿಟ್ಟು ವರ್ಷಗಳಾದ ಮೇಲೆ ದಮ್ಮು ಶುರುವಾಯಿತು. ಬಸ್ಸಿನ ಮೆಟ್ಟಿಲು ಹತ್ತಿದರೆ ಸಾಕು, ನಿಂತು ಉಸಿರು ಎಳೆದುಕೊಳ್ಳಬೇಕು. ನೆಂಟರೆಲ್ಲ ಬೀಡಿ ಬಿಡಿಸಿ ಎಂದರು. ಅಪ್ಪ ಬೀಡಿ ಮುಟ್ಟಿದವನೇ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಅಪ್ಪನ ಇಬ್ಬರು ಅಕ್ಕತಂಗಿಯರ ಜೊತೆ ಜಗಳವಾಡಿ, ಅವನನ್ನು ದಾವಣಗೆರೆಗೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಮೊದಲು ಕೇಳಿದ್ದೇ ಕೆಲಸ ಏನೆಂದು. ಶೀಟಿನ ಧೂಳಿನಲ್ಲಿ ಕಣ್ಣಿಗೆ ಕಾಣದ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಎಳೆಗಳಿರುತ್ತವಂತೆ. ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶದ ಆಳದಲ್ಲಿ ಕೂರುತ್ತವೆ. ಕಸ ನುಂಗಲೆಂದೇ ಅಲ್ಲಿರುವ ಜೀವಕೋಶಗಳು ಅವನ್ನು ನುಂಗಲು ಹೋಗಿ ಸೋಲುತ್ತವೆ. ಸೋತು, ಗ್ರೋತ್ ಫ್ಯಾಕ್ಟರ್ ಎಂಬ ವಸ್ತುಗಳನ್ನು ಬಿಡುತ್ತವೆ. ಗಾಯ ಮುಚ್ಚುವ ಜೀವಕೋಶಗಳಿಗೆ ಅದೇ ಕರೆ. ಅವು ಬಂದು, ಹೆಚ್ಚಿಕೊಂಡು, ಗಾಯದ ಕಲೆಯಂಥ ನಾರು ಹೆಣೆಯುತ್ತವೆ. ಕೈ ಕೊಯ್ದುಕೊಂಡಾಗಲೂ ಇದೇ ಆಗುವುದು, ಆದರೆ ಗಾಯ ಮಾಯ್ದ ಮೇಲೆ ಕರೆ ನಿಲ್ಲುತ್ತದೆ. ಇಲ್ಲಿ ಎಳೆ ಹೋಗುವುದೂ ಇಲ್ಲ, ಕರೆ ನಿಲ್ಲುವುದೂ ಇಲ್ಲ. ನಾರಿನ ಮೇಲೆ ನಾರು ಸೇರಿ, ಮೆತ್ತಗಿರಬೇಕಾದ ಶ್ವಾಸಕೋಶ ಗಟ್ಟಿಯಾಗುತ್ತದೆ. ಆದ ಕಲೆ ಹೋಗುವುದಿಲ್ಲ ಎಂದೂ ಹೇಳಿದರು.

ಅಪ್ಪ, "ಅಂದ್ರೆ ಸೋರೋದು ನಿಲ್ಲಲಿಲ್ಲ ಅಂತ ಶೀಟಿನ ಮ್ಯಾಲೆ ಶೀಟು ಹೊದಿಸ್ತಾನೇ ಅದಾರೆ" ಎಂದ. ಡಾಕ್ಟರಮ್ಮ ಹೌದೆಂದು ತಲೆಯಾಡಿಸಿದರು.

ಎದ್ದು ಹೊರಡುವಾಗ ಅಪ್ಪ ಬಾಗಿಲ ಹತ್ತಿರ ನಿಂತ.

"ಅಂಗಿ ಕೊಡವಿದೋರಿಗೂ ಇದು ಬರ್ತೈತೇನ್ರೀ?"

ಯಾರು ಕೊಡವಿದ್ದು ಎಂದು ಅವರು ಕೇಳಿದರು. ಅಪ್ಪ ನನ್ನ ಮುಖ ನೋಡದೆ ನನ್ನ ಕಡೆ ಕೈ ತೋರಿಸಿದ. ಅಲ್ಲಿಯವರೆಗೆ ನನ್ನ ವಿಷಯ ನನಗೇ ಹೊಳೆದಿರಲಿಲ್ಲ.

ಬರಬಹುದು ಎಂದು ಅವತ್ತೇ ನನಗೂ ಸ್ಕ್ಯಾನ್ ಮಾಡಿಸಿದರು. ಸದ್ಯಕ್ಕೆ ಏನೂ ಕಾಣುತ್ತಿಲ್ಲ, ಆದರೆ ಇದು ತಡವಾಗಿ ಕಾಣಿಸಿಕೊಳ್ಳುವ ಕಾಯಿಲೆ, ವರ್ಷಕ್ಕೊಮ್ಮೆ ಬನ್ನಿ ಎಂದರು. ಹಿಂದಿರುಗುವಾಗ ಅಪ್ಪ ಕಿಟಕಿಯ ಪಕ್ಕದಲ್ಲೇ ಕೂತಿದ್ದ. ಒಂದು ಸೂರನ್ನೂ ತೋರಿಸಲಿಲ್ಲ.

ಅವ್ವನಿಗೆ ಮಂಡಿನೋವು, ಹಾಗಾಗಿ ಬಟ್ಟೆ ಒಗೆಯಲು ಭಾನುವಾರ ನಾನೇ ನ್ಯಾಮತಿಗೆ ಹೋಗುತ್ತೇನೆ. ಮೊನ್ನೆ ಹೋದಾಗ ಅಪ್ಪ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಏದುಸಿರು ಬಿಡುತ್ತಾ, ತನ್ನ ಅಂಗಿಯನ್ನು ಬಕೆಟ್ಟಿನ ನೀರಿಗೆ ಅದ್ದುತ್ತಿದ್ದ. ಜೀವಮಾನದಲ್ಲಿ ಒಂದು ಕರವಸ್ತ್ರ ಒಗೆದವನಲ್ಲ. ಏಳಪ್ಪ, ನಾನು ಮಾಡ್ತೀನಿ ಎಂದು ರೇಗಿದೆ.

"ನೀನು ಮುಟ್ಟಬ್ಯಾಡವ್ವ," ಎಂದ. "ಪೂರ್ತಿ ನೆನೀಲಿ. ಆಮೇಲೆ ಒಗಿ."

ಹೋದ ದೀಪಾವಳಿಗೆ ನಾನೇ ಕೊಡಿಸಿದ ಅಂಗಿ ಅದು. ಶೀಟಿನ ಧೂಳು ಹೇಗಿರುತ್ತದೆಂದೇ ಆ ಬಟ್ಟೆಗೆ ಗೊತ್ತಿಲ್ಲ. ಕಾಲರ್ ಮತ್ತೆ ಮತ್ತೆ ತೇಲಿ ಬರುತ್ತಿತ್ತು, ಅಪ್ಪ ಒತ್ತಿ ಒತ್ತಿ ಮುಳುಗಿಸುತ್ತಿದ್ದ. ಅವನು ಕೈ ತೆಗೆಯುವವರೆಗೆ ಕಾದೆ.