ಕುಮಟೆಯ ಡಾಕ್ಟರ ಕಾರ್ಡಿನ ಪೆಟ್ಟಿಗೆ

ಬೆಳಗಿನ ರೈಲು ಭಟ್ಕಳ ಮುಟ್ಟುವಾಗಲೇ ಸೆಕೆ ಏರಿತ್ತು. ನನ್ನ ಬ್ಯಾಗಿನಲ್ಲಿ ಟ್ಯಾಬ್, ಅದರಲ್ಲಿ ಡಾಕ್ಟರುಗಳು ರೋಗಿಗಳ ವಿವರ ಬರೆದಿಡಲೆಂದು ನಾವು ಮಾಡಿದ ಆ್ಯಪ್. ಡಿಸೈನ್ ಥಿಂಕಿಂಗ್ ಎಂದರೆ ಬಳಸುವವರ ಪಕ್ಕ ಕೂತು, ನೋಡಿ, ಆಮೇಲೆ ಮಾಡುವುದು. ನಾವೋ ಮಂಗಳೂರಿನ ಎ.ಸಿ. ಕೋಣೆಯ ಗೋಡೆಗೆ ಹಳದಿ ಚೀಟಿ ಅಂಟಿಸಿ, ಎಲ್ಲ ಗೊತ್ತಿದ್ದವರ ಹಾಗೆ ಮಾಡಿ ಮುಗಿಸಿದ್ದೆವು. ಸೋಮವಾರ ಒಪ್ಪಿಸಬೇಕು. ಸರಿಯಿದೆ ಎಂದು ಸಹಿ ಹಾಕಬೇಕಾದವಳು ನಾನು. ಅದಕ್ಕೇ ಮೊದಲು ಮೂರು ಊರಿನ ಕ್ಲಿನಿಕ್ಕುಗಳಲ್ಲಿ ಅದನ್ನು ಬಳಸಿ ನೋಡಲು ಹೊರಟಿದ್ದೆ.

ಭಟ್ಕಳದ ಕ್ಲಿನಿಕ್ಕಿನಲ್ಲಿ ಮೊದಲ ರೋಗಿಗೇ ಮುಗ್ಗರಿಸಿದೆ. ಫೋನ್ ನಂಬರಿಲ್ಲದೆ ಆ್ಯಪ್ ಮುಂದೆ ಹೋಗದು. ಆ ಹೆಂಗಸು ಕೊಟ್ಟದ್ದು ಗಂಡನ ನಂಬರು. ಒಟಿಪಿ ಸೀದಾ ದುಬೈಗೆ ಹೋಯಿತು. ಅವನು ಗಾಬರಿಬಿದ್ದು ಫೋನ್ ಮಾಡಿದ. ಅವಳು ತನ್ನ ನವಾಯತಿ ಭಾಷೆಯಲ್ಲಿ ಸಮಾಧಾನ ಹೇಳಿ ಸುಸ್ತಾದಳು. ಡಾಕ್ಟರು ನಕ್ಕು ತಮ್ಮ ಹಳೆಯ ಪುಸ್ತಕವನ್ನೇ ಎಳೆದುಕೊಂಡರು.

ಹೊನ್ನಾವರಕ್ಕೆ ಬಸ್ಸಿನಲ್ಲಿ ಒಂದು ತಾಸು. ಬಸ್‌ಸ್ಟ್ಯಾಂಡಿನ ಎದುರು ಬನ್ಸ್ ತಿಂದು ಚಹಾ ಕುಡಿದೆ. ಅಲ್ಲಿನ ಡಾಕ್ಟರಮ್ಮನ ಬಳಿ ಒಂದೇ ನಂಬರಿಗೆ ಅತ್ತೆ, ಸೊಸೆ, ಮೊಮ್ಮಗು ಬಂದು, ಅತ್ತೆಯ ಬಿಪಿ ಮಾತ್ರೆ ಮಗುವಿನ ಹೆಸರಿಗೆ ಸೇರಿತು. ಪುಣ್ಯಕ್ಕೆ ಅವರು ನೋಡಿ ತಿದ್ದಿದರು.

ಅಲ್ಲಿಂದ ಕುಮಟೆಗೆ ಹೊರಟ ಬಸ್ಸಿನಲ್ಲಿ ಕಿಟಕಿಗೆ ಮುಖ ಒತ್ತಿದೆ. ಚಿಕ್ಕವಳಿದ್ದಾಗ ಹೀಗೆ ಕೂತರೆ ಅಮ್ಮ ನನ್ನ ಲಂಗ ಗಟ್ಟಿಯಾಗಿ ಹಿಡಿದು ಕೂರುತ್ತಿದ್ದಳು.

ಕುಮಟೆಯಲ್ಲಿ ನನ್ನ ಬಾಲ್ಯದ ಡಾಕ್ಟರು ಈಗಲೂ ರೋಗಿಗಳನ್ನು ನೋಡುತ್ತಾರೆ. ಅವರಿಗೆ ನಂಬರು ಬೇಡ. ‘ಹೊಳನಗದ್ದೆ, ಬಾವಿಕಟ್ಟೆ ಮನೆ’ ಎಂದು ಊರು, ಮನೆ ಹೇಳಿದರೆ ಸಾಕು, ಮರದ ಪೆಟ್ಟಿಗೆಯಿಂದ ಇಡೀ ಮನೆಯ ಕಾರ್ಡುಗಳು ಒಟ್ಟಿಗೆ ಬರುತ್ತವೆ. ನಮ್ಮ ಮನೆಯವೂ ಬಂದವು. ನನ್ನದರಲ್ಲಿ, ‘ಸೂಜಿ ಕಂಡರೆ ಓಡುತ್ತಾಳೆ, ಬಾಗಿಲು ಹಾಕುವುದು.’ ನಗು ಬಂತು.

ಕೆಳಗಿದ್ದದ್ದು ಅಮ್ಮನ ಕಾರ್ಡು. ಅವಳು ತೀರಿಕೊಂಡು ಆರು ವರ್ಷ. ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: ‘ತಾನಾಗಿ ನೋವು ಹೇಳುವುದಿಲ್ಲ. ಮಗಳನ್ನು ಹೊರಗೆ ಕಳಿಸಿ ಕೇಳುವುದು.’

ಅಮ್ಮನ ಜೊತೆ ಬಂದಾಗ ಪ್ರತಿಸಲವೂ ಡಾಕ್ಟರು ಪೆಪ್ಪರ್‌ಮಿಂಟ್ ತಗೋ ಎಂದು ನನ್ನನ್ನು ಎದುರಿನ ಅಂಗಡಿಗೆ ಓಡಿಸುತ್ತಿದ್ದರು. ನನ್ನ ಮೇಲಿನ ಅಕ್ಕರೆ ಎಂದೇ ಇಷ್ಟು ವರ್ಷ ನಂಬಿದ್ದೆ. ಕಣ್ಣು ತುಂಬಿತು.

ಡಾಕ್ಟರು ಟ್ಯಾಬ್ ಕಡೆ ನೋಡಿ ಮೆಲ್ಲಗೆ ಕೇಳಿದರು: “ಇಂಥದ್ದು ಬರಿಯೂಕೆ ಇದ್ರಲ್ಲಿ ಎಲ್ಲಾದ್ರೂ ಜಾಗ ಇಟ್ಟಿದ್ಯನೇ ತಂಗಿ?”

“ಇಲ್ಲ ಡಾಕ್ಟ್ರೇ.”

“ಆತು. ಇಟ್ಕಂಡು ಬಾ. ಆಮೇಲೆ ನೋಡ್ವಾ.”

ಸಂಜೆ ಕುಮಟೆ ಸ್ಟೇಷನ್ನಿನಿಂದ ಆಫೀಸಿಗೆ ಫೋನ್ ಮಾಡಿ, ಸೋಮವಾರ ಸಹಿ ಹಾಕುವುದಿಲ್ಲ ಎಂದೆ. ಬೈದರು, ಬೈಸಿಕೊಂಡೆ. ರೈಲು ಹೊರಟ ಮೇಲೆ ಖಾಲಿ ಪುಟ ತೆರೆದು ಮೊದಲ ಖಾನೆ ಬರೆದೆ: ಯಾರ ಮನೆಯವರು? ಅದರ ಕೆಳಗೆ: ಯಾರನ್ನು ಹೊರಗೆ ಕಳಿಸಿ ಕೇಳಬೇಕು?