ಬಿಸಿಲು ಕುಡಿದ ಐದು ಚೊಂಬು

ಬೆಳಗಿನ ಆರು ಗಂಟೆ. ಮರಳವಾಡಿಯ ಹೊರಗೆ, ಹಿಪ್ಪುನೇರಳೆ ಸಸಿ ಬೆಳೆಸುವ ಖಾಸಗಿ ತೋಟವೊಂದರಲ್ಲಿ ಪುಟ್ಟಗೌರಮ್ಮ ಬಗ್ಗಿ ನಿಂತಿದ್ದಾರೆ. ಎದುರಿಗೆ ನಾಲ್ಕಡಿ ಅಗಲದ ತಗಡಿನ ತೊಟ್ಟಿ, ಅದರ ಮೇಲೆ ತಂತಿ ಬಲೆ. ಗಾಳಿಗೆ ಬಂದು ಬಿದ್ದ ಕಸವನ್ನು ಬೆರಳಲ್ಲೇ ಹೆಕ್ಕುತ್ತಾರೆ. ಒಂದು ಮಾರು ದೂರದಲ್ಲಿ ಮಣ್ಣಿನ ಬೋಗುಣಿ. ಮೊದಲ ನೀರು ಅದಕ್ಕೆ. "ಗುಬ್ಬಿಗೂ ಬಾಯಾರ್ತದಲ್ವಾ? ಅವಕ್ಕೆ ಬೇರೆ ಮಡಗಿವ್ನಿ. ತೊಟ್ಟಿ ತಂಟೆಗೆ ಬರಾಕಿಲ್ಲ."

ತೊಟ್ಟಿಯ ನೀರು ಯಾರೂ ಕುಡಿಯುವಂಥದ್ದಲ್ಲ. ದಿನಕ್ಕೆ ಬಿಸಿಲು, ಗಾಳಿ ಎಷ್ಟು ನೀರನ್ನು ಎಳೆದುಕೊಳ್ಳುತ್ತವೆ ಎಂದು ಅಳೆಯಲು ಇಟ್ಟದ್ದು. ಎಂಟೂವರೆಗೆ ಸರಿಯಾಗಿ, ಗೆರೆ ಹಾಕಿದ ಹಿತ್ತಾಳೆ ಚೊಂಬಿನಿಂದ, ಒಳಗಿನ ಮೊಳೆಯ ತುದಿ ಮುಟ್ಟುವವರೆಗೆ ನೀರು ಹೊಯ್ಯಬೇಕು. ಒಂದು ಚೊಂಬು ಹಿಡಿದರೆ ಎರಡು ಮಿಲಿಮೀಟರ್ ಆರಿಹೋಗಿದೆ ಎಂದು ಲೆಕ್ಕ. ಆ ಅಂಕಿಯನ್ನು ಗೇಟಿನ ಕರಿಹಲಗೆಯ ಮೇಲೆ ಬರೆಯುತ್ತಾರೆ. ಸುತ್ತಲಿನ ನಲವತ್ತು ಮನೆಯವರು ಅದನ್ನು ನೋಡಿಯೇ ತಮ್ಮ ತೋಟಕ್ಕೆ ಎಷ್ಟು ಹೊತ್ತು ಮೋಟಾರು ಹಾಕಬೇಕೆಂದು ತೀರ್ಮಾನಿಸುತ್ತಾರೆ.

ಮೂರನೇ ಕ್ಲಾಸು ಓದಿದ ಈಕೆ ಎಂಬತ್ತೊಂಬತ್ತನೇ ಇಸವಿಯಿಂದ ಇಲ್ಲಿದ್ದಾರೆ. ಗಂಡ ನರಸಯ್ಯ ಕುರಿ ಮೇಯಿಸುತ್ತಾರೆ. ಅಂದಿನಿಂದ ಈ ಹದಿನೆಂಟು ವರ್ಷದಲ್ಲಿ ಅಳತೆ ತಪ್ಪಿದ್ದು ಮಗಳ ಹೆರಿಗೆಯ ದಿನ ಮಾತ್ರ. "ಆಗೆಲ್ಲಾ ಏಪ್ರಿಲ್‌ನಲ್ಲಿ ಮೂರೂವರೆ ಚೊಂಬು. ಆಮ್ಯಾಕೆ ನಾಕಾಯ್ತು. ಈಗ ಐದು ಕಣಮ್ಮ."

ಕಾರ್ಖಾನೆಗಳಿಗೆಂದು ಸುತ್ತ ನೆಲ ಸಮ ಮಾಡಿದ್ದಾರೆ. ಪಡುವಣದ ಹೊಂಗೆ ತೋಪು ಹೋಗಿ, ಕಾದ ಗಾಳಿ ನೇರ ಬಂದು ಬಡಿಯುತ್ತದೆ. ಮಳೆ ಒಂದೇ ದಿನ ಸುರಿದು ಇಪ್ಪತ್ತು ದಿನ ಮುಖ ತೋರಿಸುವುದಿಲ್ಲ. ಒಂದು ತೊಟ್ಟಿ ನೋಡಿ ಭೂಮಿಯ ಹವೆಯೇ ಬದಲಾಯಿತು ಎನ್ನಲಾಗದು, ನಿಜ. ಗಿಡ ಮಾತ್ರ ಇಲ್ಲಿಯ ಹವೆಯಲ್ಲೇ ಬದುಕಬೇಕು.

ಮುಂದಿನ ಲೆಕ್ಕ ಕೇಳಿದಾಗ, ವರದಿಗೆಂದು ಹೋಗಿದ್ದ ನನಗೆ ನಂಬಿಕೆ ಬರಲಿಲ್ಲ. ಹೆಚ್ಚಾದ ಆ ಒಂದೂವರೆ ಚೊಂಬು ಎಂದರೆ, ಗಿಡಕ್ಕೆ ತೊಟ್ಟಿಯ ಮುಕ್ಕಾಲು ಪಾಲೇ ಸಾಕೆಂದು ಹಿಡಿದರೂ, ಒಂದು ಎಕರೆ ಹಿಪ್ಪುನೇರಳೆಗೆ ದಿನವೂ ಸುಮಾರು ಒಂಬತ್ತು ಸಾವಿರ ಲೀಟರ್ ಹೆಚ್ಚಿನ ನೀರು. ಎರಡು ಟ್ರ್ಯಾಕ್ಟರ್ ಟ್ಯಾಂಕರ್! ಕಾಗದದ ಮೇಲೆ ಎರಡು ಸಲ ಗುಣಿಸಿ ನೋಡಿದೆ. ಅಷ್ಟೇ ಬಂತು.

ತೋಟದ ಮೇಲ್ವಿಚಾರಕ ಮನೋಹರ್ ಕೂಡ ನಂಬಿರಲಿಲ್ಲ. ಈಕೆ ಹತ್ತು ಮಿಲಿಮೀಟರ್ ಎಂದರೆ, ಬಲೆ ಸರಿಸಿ ನಾಯಿ ಕುಡಿದಿರಬೇಕು ಎಂದು ಹಳೆಯ ಏಳನ್ನೇ ಬರೆಸುತ್ತಿದ್ದರು. ಕಳೆದ ತಿಂಗಳು ಆ ಏಳನ್ನು ನಂಬಿ ನೀರು ಕೊಟ್ಟ ನೆರೆಯ ಬೆಳೆಗಾರ ಗಂಗಹನುಮಯ್ಯನವರ ಸೊಪ್ಪು ಬಾಡಿತು. ಮೂರನೇ ಜ್ವರದಿಂದ, ಅಂದರೆ ಮೂರನೇ ಸಲ ಪೊರೆ ಕಳಚಿ ಎದ್ದ ರೇಷ್ಮೆ ಹುಳುಗಳಿಗೆ ಮೇವು ಸಾಲದೆ, ಅವನ್ನು ತಟ್ಟೆಗಟ್ಟಲೆ ತಿಪ್ಪೆಗೆ ಸುರಿಯಬೇಕಾಯಿತು. ಗೇಟಿಗೆ ಬಂದು ಅವರು ಕೂಗಾಡಿದ್ದು ಗೌರಮ್ಮನ ಮೇಲೆ: "ಏನವ್ವಾ, ಬಳಪ ಸಿಕ್ತು ಅಂತ ಬಾಯ್ಗೆ ಬಂದಿದ್ ನಂಬ್ರ ಗೀಚ್ತೀಯಾ? ನನ್ ಹುಳ ನಿಂಗೇನ್ ಮಾಡಿದ್ವು?"

ಆಕೆ ಮನೋಹರ್ ಹೆಸರೆತ್ತಲಿಲ್ಲ. ಮರುದಿನ ಅವರಿಗೇ ಹೇಳಿದರು: "ನೀವೇ ಒಂದಿನ ಕಾವ್ಲು ಕೂತ್ಕಳಿ ಸಾ. ನಾಯಿ ಬಂದ್ರೆ ನಾಳೆಯಿಂದ ನಾನು ಈ ಚೊಂಬು ಮುಟ್ಟಾಕಿಲ್ಲ."

ಮನೋಹರ್ ಕೊಡೆ ಹಿಡಿದು ಕೂತರು. ತನ್ನ ಮಾತು ಸುಳ್ಳೆಂದವರಿಗೆ ನಡುಹೊತ್ತಿನಲ್ಲಿ ಮಜ್ಜಿಗೆ ತಂದುಕೊಟ್ಟವರೂ ಗೌರಮ್ಮನೇ. "ಬೆವ್ರು ಸುರೀತಿತ್ತು ಪಾಪ. ಒಸಿ ಉಪ್ಪು ಜಾಸ್ತಿ ಹಾಕಿದ್ದೆ." ಸಂಜೆ ಐದೂವರೆಗೆ ಮನೋಹರ್ ಕೈಯಿಂದಲೇ ನೀರು ಹೊಯ್ಸಿದರು. ಆಗಲೇ ನಾಲ್ಕು ಚೊಂಬು ಹಿಡಿಯಿತು. ಬೆಳಗ್ಗೆ ಮತ್ತೊಂದು. "ನೋಡ್ತಾ ಕೂತಿದ್ದೆ ಮೇಡಂ, ಕಣ್ಣೆದುರೇ ಹೋಯ್ತು. ಒಂದು ಕಾಗೆ ಕೂಡ ಬರಲಿಲ್ಲ," ಎನ್ನುವಾಗ ಅವರ ದನಿ ಇನ್ನೂ ತಗ್ಗುತ್ತದೆ. ಅಂದೇ ಗಂಗಹನುಮಯ್ಯನವರ ಮನೆಗೆ ಹೋಗಿ, ತಪ್ಪು ತನ್ನದೆಂದು ಒಪ್ಪಿಕೊಂಡು ಬಂದಿದ್ದಾರೆ.

ಈಗ ಹಲಗೆಯ ಮೇಲೆ ನಿಜವಾದ ಅಂಕಿ ಬೀಳುತ್ತದೆ. ಅದಕ್ಕೆ ತಕ್ಕ ನೀರು ಕೊಳವೆಬಾವಿಯಲ್ಲಿಲ್ಲ. ಗಂಗಹನುಮಯ್ಯ ಮೂರು ಎಕರೆಯಲ್ಲಿ ಒಂದನ್ನು ಬಿಟ್ಟಿದ್ದಾರೆ. "ಅರೆಹೊಟ್ಟೆ ಮೂರೆಕ್ರೆಗಿಂತ ಎರಡೇ ಸೈ. ಗೌರವ್ವನ್ನ ಸುಮ್ಕೆ ಬೈದ್ಬುಟ್ಟೆ," ಎಂದು ನೆಲ ನೋಡುತ್ತಾರೆ.

ಗೌರಮ್ಮ ಗೆದ್ದ ಖುಷಿಯಲ್ಲಿಲ್ಲ. ಹತ್ತು ಎಂದು ಬರೆದು, ಬಳಪದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. "ಮೂರೇ ಚೊಂಬ್ಗೆ ಮೊಳೆ ಮುಳುಗೋ ದಿನ ಬರ್ಬೇಕು ಕಣಮ್ಮ. ಆವತ್ತು ಇವ್ರೆಲ್ಲಾ ಸೇರಿ ನಂಗೆ ಸುಳ್ಳಿ ಅಂದ್ರೂ ಅನ್ನಿಸ್ಕತೀನಿ."